ಎರಡು ಬಣ್ಣ, ಒಂದು ಕುರ್ಚಿ

ತ್ರ್ಯಂಬಕರಾಯರ ತಕರಾರು ಇದ್ದದ್ದು ಮನುಷ್ಯರ ಜೊತೆಗಲ್ಲ, ಒಂದು ಕುರ್ಚಿಯ ಜೊತೆಗೆ. ಬೈಲಹೊಂಗಲದ ಊರಾಚೆ, ಎರೆಹೊಲದ ನಡುವೆ ನಿಂತ ಕಾಲೇಜಿನ ಜೀವಶಾಸ್ತ್ರ ಪ್ರಯೋಗಶಾಲೆಯಲ್ಲಿ ಆ ಕುರ್ಚಿಯಿತ್ತು. ಸಾಗವಾನಿಯದು, ಬೆತ್ತದ ಬೆನ್ನಿನದು, ಎಡಕ್ಕೊಂದು ಬಲಕ್ಕೊಂದು ಕೈ ಇದ್ದದ್ದು. ಡೆಮಾನ್‌ಸ್ಟ್ರೇಟರ್ ಆದವರಿಗೆ ಕೈ ಇದ್ದ ಕುರ್ಚಿ, ಲ್ಯಾಬ್ ಅಸಿಸ್ಟಂಟ್ ಆದವರಿಗೆ ಮೂರು ಕಾಲಿನ ಸ್ಟೂಲು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಆದರೆ ಯಾರೂ ಮೀರುತ್ತಲೂ ಇರಲಿಲ್ಲ. ರಾಯರು ಹತ್ತೊಂಬತ್ತು ವರ್ಷ ಸ್ಟೂಲಿನ ಮೇಲೆ ಕೂತು, ಹತ್ತೊಂಬತ್ತು ವರ್ಷ ಆ ಕುರ್ಚಿಯ ಧೂಳು ಒರೆಸಿದ್ದರು. ಹಳೆಯ ಡೆಮಾನ್‌ಸ್ಟ್ರೇಟರ್ ನಿವೃತ್ತರಾದ ಮಧ್ಯಾಹ್ನ ಎಲ್ಲರೂ ಹಾರ ಹಾಕಲು ಹೋಗಿದ್ದಾಗ, ಬಾಗಿಲು ಮುಂದೆ ಮಾಡಿ, ಒಮ್ಮೆ ಅದರಲ್ಲಿ ಕೂತು ಎರಡೂ ಮೊಣಕೈ ಊರಿ ನೋಡಿದ್ದರು. ಸ್ವರ್ಗದಲ್ಲಿ ಮೊಣಕೈ ಊರಲು ಜಾಗ ಇದ್ದೇ ಇರುತ್ತದೆ ಎಂದು ಅವರಿಗೆ ಅವತ್ತು ಖಾತ್ರಿಯಾಯಿತು.

ಆದರೆ ಎಪ್ಪತ್ತೇಳರ ಜೂನಿನಲ್ಲಿ ಆ ಕುರ್ಚಿಗೆ ಪದ್ಮವ್ವ ಬಂದು ಕೂತಳು.

ಕಿತ್ತೂರಿನವಳು, ಊರ ಹೊರಗಿನ ಕೇರಿಯವಳು, ಅಪ್ಪನ ಕಾಲಕ್ಕೆ ಬೌದ್ಧರಾದ ಮನೆತನ. ವಯಸ್ಸು ಇಪ್ಪತ್ತಾರು. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ, ಮುಂಬಯಿಯ ಯಾವುದೋ ಪ್ರಯೋಗಶಾಲೆಯಲ್ಲಿ ಎರಡು ವರ್ಷ ದುಡಿದು ಬಂದಿದ್ದಳು. ಬಂದವಳೇ ಕುರ್ಚಿಯಲ್ಲಿ ಕೂತು, ಎರಡೂ ಮೊಣಕೈ ಊರಿ, ರಾಯರಿಗೆ ನಮಸ್ಕಾರ ಹೇಳಿದಳು. ರಾಯರ ಜೀವ ಚುರ್ ಎಂದಿತು. ಅಂದಿನಿಂದ ಅವರ ಬಾಯಲ್ಲಿ ಅವಳಿಗೆ ಗೌರವದ ‘ಬಾಯಾರ’, ಮನಸ್ಸಿನಲ್ಲಿ ಏಕವಚನ.

ಮನಸ್ಸಿನಲ್ಲಿದ್ದದ್ದು ಹೊರಗೆ ಬೀಳಲು ಒಂದು ದಾರಿ ಬೇಕಲ್ಲ. ಅದಕ್ಕೆ ದಿನಾ ಮನೆಯಿಂದ ಬಂದು ಪ್ರಯೋಗಶಾಲೆಯ ಕಿಟಕಿಯಲ್ಲಿ ಕೂರುವ ಒಂದು ಹಿತ್ತಾಳೆಯ ಗಿಂಡಿ ಇತ್ತು. ಸಣ್ಣ ಕತ್ತು, ಎರಡು ಬೆರಳು ಹೋಗುವಷ್ಟು ಬಾಯಿ. ಕಾಲೇಜಿನ ನೀರು ರಾಯರು ಕುಡಿಯುತ್ತಿರಲಿಲ್ಲ, ಸಂಜೆ ಮನೆ ಮುಟ್ಟಿದ ಮೇಲೆಯೇ ಅವರ ಗಂಟಲು ನೆನೆಯಬೇಕು. ಗಿಂಡಿಯ ನೀರು ಇದ್ದದ್ದು ಬೇರೆ ಕೆಲಸಕ್ಕೆ. ಪದ್ಮವ್ವನೋ ಅಟೆಂಡರ್ ಕಾಡಪ್ಪನೋ ಮುಟ್ಟಿದ ವಸ್ತು ಏನೇ ಇರಲಿ, ಹಾಜರಿ ಪುಸ್ತಕ, ಕೀಲಿಕೈ, ಗಾಜಿನ ನಳಿಗೆ, ಮೂರು ಹನಿ ಚಿಮುಕಿಸಿಯೇ ಅವರು ಅದನ್ನು ಎತ್ತಿಕೊಳ್ಳುತ್ತಿದ್ದರು. ತಪ್ಪಿ ಮೈ ತಾಗಿದರೆ ಮೂರು ಹನಿ ತಮ್ಮ ನೆತ್ತಿಗೆ. ಕಪ್ಪೆ, ಜಿರಲೆ, ಎರೆಹುಳು ಕೊಯ್ದ ಕೈಯನ್ನು ಸಾಬೂನು ಹಚ್ಚಿ ತೊಳೆದರೆ ಸಾಕಾಗುತ್ತಿತ್ತು. ಎಂ.ಎಸ್ಸಿ. ಮಾಡಿದ ಹುಡುಗಿ ಕೊಟ್ಟ ಕೀಲಿಕೈಗೆ ಮಾತ್ರ ಮಂತ್ರದ ನೀರೇ ಬೇಕಾಗಿತ್ತು. ಇಂಥದ್ದಕ್ಕೆಲ್ಲ ಕಾಯಿದೆ ಬಂದು ವರ್ಷಗಳಾಗಿದ್ದವು ನಿಜ, ಆದರೆ ಹನಿ ನೀರಿನ ಮೇಲೆ ಯಾವ ಪೊಲೀಸು ಪಂಚನಾಮೆ ಬರೆದಾನು. ಪದ್ಮವ್ವ ಒಮ್ಮೆ ನೇರವಾಗಿ ಕೇಳಿದಾಗ ರಾಯರು, ಧೂಳು ಕೂಡ್ರಲಿ ಅಂತ ಚಿಮುಕಿಸತೇನಿ ಬಾಯಾರ, ಅಂದಿದ್ದರು.

“ಈ ಧೂಳು ಭಾಳ ಹಳೀದು ಐತಿ ರಾಯರ,” ಅಂದಳು. “ಮೂರು ಹನಿಗೆ ಕೂಡ್ರೂದಿಲ್ಲ.”

ಕಾಡಪ್ಪ ಮೂಲೆಯಲ್ಲಿ ಕಸಬರಿಗೆ ಹಿಡಿದು ನಕ್ಕಿದ್ದ. ರಾಯರು ಅವನ ನಗೆಯನ್ನೂ ಒಂದು ಕಡೆ ಬರೆದಿಟ್ಟುಕೊಂಡರು. ವರ್ಷ ಕಳೆಯುವುದರೊಳಗೆ ಚಿಮುಕಿಸುವುದು ಎಷ್ಟು ರೂಢಿಯಾಯಿತೆಂದರೆ ಹೆಬ್ಬೆರಳು, ನಡುಬೆರಳು ತಾವೇ ಗಿಂಡಿಗೆ ಹೋಗಿ ಬರುತ್ತಿದ್ದವು, ರಾಯರಿಗೆ ಅದರ ಸುದ್ದಿಯೂ ಇರುತ್ತಿರಲಿಲ್ಲ.

ಇನ್ನು ಪದ್ಮವ್ವನ ಹುಚ್ಚಿನ ವಿಷಯ. ಮುಂಬಯಿಯಲ್ಲಿದ್ದಾಗ ಅವಳು ಪರದೇಶದ ಒಂದು ಯಂತ್ರದ ಬಗ್ಗೆ ಓದಿದ್ದಳು. ರಕ್ತದ ಕಣಗಳಿಗೆ ಹೊಳೆಯುವ ಬಣ್ಣ ಹಚ್ಚಿ, ಸೀಮೆಎಣ್ಣೆ ಅಂಗಡಿಯ ಮುಂದೆ ಜನ ಪಾಳಿ ಹಚ್ಚಿದಂತೆ ಒಂದೊಂದನ್ನೇ ಬೆಳಕಿನ ಮುಂದೆ ಹಾಯಿಸುವ ಯಂತ್ರ. ಯಾವ ಕಣ ಯಾವ ಬಣ್ಣದಲ್ಲಿ ಹೊಳೆಯಿತು ಎಂದು ನೋಡಿ ಯಂತ್ರವೇ ಬೇರೆ ಬೇರೆ ಮಾಡಿ ಎಣಿಸುತ್ತದಂತೆ. ಅದನ್ನು ಕೊಳ್ಳಲು ಬೈಲಹೊಂಗಲ ತಾಲೂಕನ್ನೇ ಮಾರಬೇಕಿತ್ತು. ಹಾಗಾಗಿ ಅವಳು ಬಡವರ ಯಂತ್ರವೊಂದನ್ನು ಕಟ್ಟಿದಳು. ಹಳೆಯ ಸ್ಲೈಡ್ ಪ್ರೊಜೆಕ್ಟರಿನ ದೀಪ, ಅದರ ಮುಂದೆ ಮೈಲುತುತ್ತದ ನೀರು ತುಂಬಿದ ಗುಂಡನೆಯ ಗಾಜಿನ ಬುರುಡೆ, ಅದರಿಂದ ಹಾಯ್ದು ಬರುವ ನೀಲಿ ಬೆಳಕು. ಸ್ಪಿರಿಟ್ ದೀಪದ ಮೇಲೆ ಕಾಯಿಸಿ ಕೂದಲಿನಷ್ಟು ಸಣ್ಣಗೆ ಎಳೆದ ಗಾಜಿನ ನಳಿಗೆ, ನಳಿಗೆಯ ಮೇಲೆ ಸೂಕ್ಷ್ಮದರ್ಶಕ. ನೋಡುವವರ ಕಣ್ಣಿಗೆ ಹಳದಿ ಜಿಲೇಟಿನ ಕಾಗದದ ಕನ್ನಡಕ, ನೀಲಿ ಅಡಗಿ ಹೊಳಪಷ್ಟೇ ಕಾಣಲಿ ಎಂದು.

ಯಂತ್ರಕ್ಕೆ ಹದಿನೈದು ದಿನ ಹಿಡಿಯಿತು, ಬಣ್ಣ ಆರಿಸಲು ನಾಲ್ಕು ತಿಂಗಳು. ಹಸಿರು ಹೊಳೆಯುವ ಬಣ್ಣ ಮುಂಬಯಿಯಿಂದ ಮೊದಲೇ ಬಂದಿತ್ತು. ಅದಕ್ಕೆ ಜೋಡಿ ಹುಡುಕುವುದೇ ದೊಡ್ಡ ಪೇಚು. ಒಂದು ತರಿಸಿದಳು, ಸರಿಬರಲಿಲ್ಲ. ಇನ್ನೊಂದು ತರಿಸಿದಳು, ಅದೂ ಹಸಿರಿನ ಹತ್ತಿರಕ್ಕೇ ಬಂದು ನಿಂತಿತು. ಹೆಣ್ಣು ನೋಡಲು ಹೋದವರು ಸಹ ಇಷ್ಟು ಕೊಂಕು ತೆಗೆಯುವುದಿಲ್ಲ ಎಂದು ರಾಯರು ಹಲ್ಲು ಕಡಿಯುತ್ತ ನಳಿಗೆ ತೊಳೆದರು. ಕಾಡಪ್ಪ ತಡೆಯಲಾರದೆ, ಎರಡು ಬಣ್ಣದಾಗ ಅಷ್ಟೇನು ನೋಡೂದೈತ್ರಿ ಅಂತ ಕೇಳಿದ.

“ಎರಡು ಬಣ್ಣದ ಬೆಳಕು ಪೂರಾ ಬ್ಯಾರೆ ಇರೂದಿಲ್ಲೋ ಮಾವಾ,” ಅಂದಳು ಪದ್ಮವ್ವ. “ಹಸರಿನ ಸೆರಗು ಹೋಗಿ ಕೆಂಪಿನ ಮ್ಯಾಲ ಸ್ವಲ್ಪರ ಬೀಳತೈತಿ. ಸೆರಗು ಬಿದ್ರ ನಡೀತೈತಿ, ಅಷ್ಟು ಕಳದು ಲೆಕ್ಕಾ ಹಿಡೀಬಹುದು. ಇಡೀ ಸೀರಿನ ಬಂದು ಬಿತ್ತಂದ್ರ ಒಳಗ ಯಾರದಾರ ಅನ್ನೂದ ತಿಳಿಯೂದಿಲ್ಲ.” ಆಮೇಲೆ ನಗುತ್ತ ಸೇರಿಸಿದಳು. “ಈ ಹಸರಿಗೆ ಎಲ್ಲಾಕ್ಕಿಂತ ಕೆಟ್ಟ ಜೋಡಿ ಯಾವುದು ಗೊತ್ತೈತೇನು? ನಮ್ಮ ಅಡಗಿಮನಿ ಅರಿಷಿಣ. ನೀಲಿ ಬೆಳಕಿನ್ಯಾಗ ಅದೂ ಹಸರ ಹೊಳದು, ಸೀದಾ ಬಂದು ಇದರ ತೊಡಿಮ್ಯಾಲ ಕುಂದರತೈತಿ.”

ಕಡೆಗೆ ಅವಳು ಆರಿಸಿದ್ದು ಕೆಂಪಗೆ ಹೊಳೆಯುವ ಒಂದು ಬಣ್ಣ. ಹಸಿರಿನಿಂದ ಬೇಕಾದಷ್ಟು ದೂರ. ಶೀಶೆಗಳಿಗೆ ಚೀಟಿ ಅಂಟಿಸಿ, ಮಸಿಯಲ್ಲಿ ಒಂದು, ಎರಡು ಎಂದು ಬರೆದು ಕಪಾಟಿನಲ್ಲಿಟ್ಟಳು. ಅವಳ ಒಂದೇ ಒಂದು ಪಟ್ಟು ರಾಯರಿಗೆ ಬಾಯಿಪಾಠವಾಗಿತ್ತು: ಕೂಡಿಸುವ ಮೊದಲು ಪ್ರತಿ ಬಣ್ಣವನ್ನೂ ಬಿಡಿಯಾಗಿ ನೋಡಬೇಕು, ಲೆಕ್ಕ ತಪ್ಪಿತೆಂದರೆ ತಿರುಗಿ ಬಿಡಿಯಾಗಿ ನೋಡಬೇಕು.

ಜುಲೈ ಕೊನೆಗೆ ಪ್ರಿನ್ಸಿಪಾಲ್ ನಿಜಗುಣಪ್ಪನವರು ಸುದ್ದಿ ತಂದರು. ಆಗಸ್ಟಿನ ಮೊದಲ ಸೋಮವಾರ ಹನ್ನೊಂದಕ್ಕೆ ಮೂವರ ಸಮಿತಿ ಬರುತ್ತದೆ, ಪದ್ಮವ್ವನ ಯಂತ್ರ ನೋಡುತ್ತದೆ. ನೋಡಿ ಒಪ್ಪಿದರೆ ಅವಳ ಕೆಲಸ ಕಾಯಂ. ಒಪ್ಪದಿದ್ದರೆ ಜಾಗ ತೆರವು, ತೆರವಾದ ಜಾಗಕ್ಕೆ ಸೇವಾ ಹಿರಿತನದ ಮೇಲೆ ಯಾರು ಎಂದು ಹೇಳುವ ಅಗತ್ಯವಿರಲಿಲ್ಲ. ಸಮಿತಿಯ ಮುಖ್ಯಸ್ಥರು ಧಾರವಾಡದ ನಿವೃತ್ತ ಪ್ರೊಫೆಸರ್ ಕೃಷ್ಣಾಜಿ ಎಂದು ಕೇಳಿ ರಾಯರಿಗೆ ಅರ್ಧ ಬಲ ಬಂತು. ಅವತ್ತು ರಾತ್ರಿ ಊಟದ ಎಲೆಯ ಮುಂದೆಯೇ ಎರಡೂ ಮನೆತನದ ಗೋತ್ರ ಜಾಲಾಡಿ, ಅತ್ತೆಯ ತಂಗಿಯ ಮೈದುನನ ಕಡೆಯಿಂದ ಒಂದು ಎಳೆ ಸಿಕ್ಕಿಸಿಕೊಂಡರು.

ಆ ಎಳೆ ಸಿಕ್ಕ ರಾತ್ರಿಯೇ ಅವರಿಗೆ ಅರಿಷಿಣವೂ ನೆನಪಾಯಿತು.

ಯೋಜನೆ ಎಷ್ಟು ಸುಂದರವಾಗಿತ್ತೆಂದರೆ ರಾಯರಿಗೆ ತಮ್ಮ ಮೇಲೆ ತಮಗೇ ಗೌರವ ಬಂತು. ಎರಡನೆಯ ಶೀಶೆಯ ಕೆಂಪು ಬಣ್ಣ ಚೆಲ್ಲಿ ಅರಿಷಿಣದ ನೀರು ತುಂಬಿಟ್ಟರೆ ಎಲ್ಲ ಕಣಗಳೂ ಒಂದೇ ಹಸಿರಾಗಿ ಹೊಳೆಯುತ್ತವೆ. ಪದ್ಮವ್ವ ಎರಡನ್ನು ಬೇರೆ ಮಾಡಿ ತೋರಿಸಲಾರಳು. ಆದರೆ ಅರಿಷಿಣದ ನೀರು ಹಳದಿ, ಶೀಶೆಯಲ್ಲಿದ್ದದ್ದು ಕೆಂಪು. ಅಲ್ಲಿಯೇ ಬೇರೆಯವರಾಗಿದ್ದರೆ ಸೋತುಬಿಡುತ್ತಿದ್ದರು. ರಾಯರಿಗೆ ಮದುವೆ ಮನೆಯ ಆರತಿಯ ಓಕುಳಿ ನೆನಪಾಯಿತು. ಅರಿಷಿಣಕ್ಕೆ ಸುಣ್ಣ ಬಿದ್ದರೆ ಕೆಂಪು. ಆ ಕೆಂಪು ನೀರಿನ ಹನಿ ಪದ್ಮವ್ವನ ಉಪ್ಪುನೀರಿಗೆ ಬಿದ್ದಕೂಡಲೇ ಸುಣ್ಣದ ಜೋರು ಇಳಿದು ತಿರುಗಿ ಹಳದಿಯಾಗುತ್ತದೆ. ಅದನ್ನು ಮನೆಯಲ್ಲಿ ಅವರು ಮೊದಲೇ ಪರೀಕ್ಷಿಸಿ ನೋಡಿದರು. ಶೀಶೆಯಲ್ಲಿ ಕೆಂಪು, ಪ್ರಯೋಗದಲ್ಲಿ ಹಸಿರು. ಪರದೇಶದ ವಿದ್ಯೆಯನ್ನು ಆರತಿ ತಟ್ಟೆಯಿಂದ ಹೊಡೆದುರುಳಿಸುವುದು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ, ಕಳುವಿಲ್ಲ, ಒಡೆದದ್ದಿಲ್ಲ, ಗಾಯವಿಲ್ಲ. ಅಪರಾಧವೇ ಕಾಣದ ಮೇಲೆ ಅಪರಾಧಿಯನ್ನು ಯಾರು ಹುಡುಕುತ್ತಾರೆ. ಅವಳು ಹಟ ಹಿಡಿದು ತಿರುಗಿ ಬಿಡಿಬಿಡಿಯಾಗಿ ನೋಡಿದರೂ, ಶೀಶೆಯಲ್ಲಿ ಅರಿಷಿಣ ಸಿಕ್ಕರೂ, ಏನಂದಾರು? ಹೆಣ್ಣುಮಗಳು, ಅಡಿಗೆಮನೆಯ ಕೈ, ಎಲ್ಲಿಯದೋ ಎಲ್ಲಿಗೋ ಬಿದ್ದಿರಬೇಕು ಅಂದಾರು.

ಸಾಕ್ಷಿ ಉಳಿಸಬಾರದೆಂದು ರಾಯರು ಸಾಮಾನುಗಳನ್ನು ಒಂದೇ ಊರಲ್ಲಿ ಕೊಳ್ಳಲಿಲ್ಲ. ಒಂದು ಭಾನುವಾರ ಮಫ್ಲರು ಸುತ್ತಿಕೊಂಡು ಬಸ್ಸು ಹತ್ತಿದರು. ಅರಿಷಿಣವನ್ನು ಸವದತ್ತಿಯಲ್ಲಿ ಕೊಂಡರು, ದೇವಿಯ ಗುಡ್ಡಕ್ಕೆ ಹೋಗುವ ಜನ ಪಡಿಗಟ್ಟಲೆ ಅರಿಷಿಣದ ಭಂಡಾರ ಒಯ್ಯುವಲ್ಲಿ ಒಂದು ಪೊಟ್ಟಣ ಯಾರಿಗೆ ನೆನಪಿರುತ್ತದೆ. ಅಲ್ಲಿಂದ ರಾಮದುರ್ಗಕ್ಕೆ ಹೋಗಿ ಬಿರಡೆ ಇದ್ದ ಸಣ್ಣ ಖಾಲಿ ಶೀಶೆ ಒಂದನ್ನು. ತಿರುಗಿ ಬರುವಾಗ ಯರಗಟ್ಟಿಯಲ್ಲಿ ಬಸ್ಸು ನಿಂತ ಹೊತ್ತಿಗೆ ಪಾನಪಟ್ಟಿ ಅಂಗಡಿಯಲ್ಲಿ ಸುಣ್ಣ. ಅಂಗಡಿಯವನು ಸುಣ್ಣ ಕೊಡುತ್ತ, ಏನ್ರಿ ರಾಯರ, ಶ್ರಾವಣದ ಸೆಕಿಯೊಳಗ ಮಫ್ಲರ್ ಸುತ್ತೀರಿ, ನೆಗಡಿ ಏನ್ರಿ, ಅಂದ. ಅವನು ಅವರ ಹಳೆಯ ವಿದ್ಯಾರ್ಥಿ. ರಾಯರು ಎರಡು ಸಲ ಸೀನಿ ತೋರಿಸಿ ಬಸ್ಸು ಹತ್ತಿದರು.

ಮನೆಯಲ್ಲಿ ಹೆಂಡತಿ ಯಮುನಾಬಾಯಿ ಚೀಲ ಬಿಚ್ಚಿ ನೋಡಿ ಬಾಯಿಯ ಮೇಲೆ ಬೆರಳಿಟ್ಟರು. “ಡಬ್ಬಿ ತುಂಬ ಅರಿಷಿಣ ಅದ. ಅಡಕಿ ತಟ್ಟಿಯೊಳಗ ಸುಣ್ಣ ಅದ. ಇಷ್ಟಕ್ಕ ಮೂರು ಊರು ತಿರಗಿ ಬಂದ್ರೇನು?”

ಕಾಲೇಜಿನ ಕೆಲಸ ಎಂದು ರಾಯರು ಮಾತು ಮುಗಿಸಿದರು. ಬೆರೆಸಲು ಪಾತ್ರೆ ಬೇಕಾಯಿತು. ಅಡಿಗೆಮನೆಯ ಪಾತ್ರೆ ತೆಗೆದರೆ ಯಮುನಾಬಾಯಿಯ ಕಣ್ಣು, ಕಾಲೇಜಿನ ಪಾತ್ರೆ ತೆಗೆದರೆ ಕಾಡಪ್ಪನ ಕಣ್ಣು. ಮನೆಯಲ್ಲೂ ಕಾಲೇಜಿನಲ್ಲೂ ಬೇರೆ ಯಾರ ಕೈಯೂ ಸೋಂಕದ ಪಾತ್ರೆ ಜಗತ್ತಿನಲ್ಲಿ ಒಂದೇ ಇತ್ತು, ಅವರ ಗಿಂಡಿ. ಸಮಿತಿ ಬರುವ ಸೋಮವಾರ ಬೆಳಿಗ್ಗೆ ಸ್ನಾನ ಮುಗಿಸಿ, ದೇವರ ಕೋಣೆಯಲ್ಲಿ ಬಾಗಿಲು ಹಾಕಿ, ಗಿಂಡಿಯಲ್ಲಿ ಅರಿಷಿಣ, ಸುಣ್ಣ, ಚೂರು ಸ್ಪಿರಿಟು ಬೆರೆಸಿ, ಶೀಶೆಗೆ ಬಗ್ಗಿಸಿದರು. ಬಣ್ಣ ಮೋಹಕವಾಗಿ ಬಂದಿತ್ತು. ಕೈಯನ್ನು ಆರು ಸಲ ಸಾಬೂನಿನಿಂದ ತಿಕ್ಕಿ, ಬಿಸಿಲಿಗೆ ಹಿಡಿದು, ಉಗುರಿನ ಸಂದಿಯನ್ನೂ ಸೂಜಿಯಿಂದ ಕೆದಕಿದರು. ಗಿಂಡಿಯನ್ನು ಹುಣಸೆಹಣ್ಣು ಹಚ್ಚಿ ಬಂಗಾರದಂತೆ ಬೆಳಗಿದರು, ಒಳಗೆ ಮೂರು ಸಲ ನೀರು ಹಾಕಿ ಕುಲುಕಿ ಚೆಲ್ಲಿದರು. ಯಮುನಾಬಾಯಿ, ಸಣ್ಣ ಕತ್ತಿನ ಪಾತ್ರಿ ಹಂಗ ಸ್ವಚ್ಛ ಆಗೂದಿಲ್ಲ, ಇತ್ತ ಕೊಡ್ರಿ ಕುಂಚ ಹಾಕಿ ತಿಕ್ಕಿ ಕೊಡತೇನಿ ಅಂದರು. ನನ್ನ ಗಿಂಡಿ ಯಾರೂ ಮುಟ್ಟಬಾರದು ಎಂದು ರಾಯರು ಎಂದಿನಂತೆ ಗುಡುಗಿ, ನೀರು ತುಂಬಿಕೊಂಡು ಹೊರಟರು. ನೀರು ತಿಳಿಯಾಗಿತ್ತು.

ಪ್ರಾರ್ಥನೆ ಹತ್ತೂವರೆಗೆ. ಆ ಏಳು ನಿಮಿಷ ಇಡೀ ಕಾಲೇಜು ಬಯಲಲ್ಲಿ ನಿಂತಿರುತ್ತದೆ. ತಾವು ಒಳಗೇ ಉಳಿಯಲು ರಾಯರು ಎಂಟು ದಿನ ಮೊದಲೇ ಮೊಣಕಾಲು ನೋವು ತರಿಸಿಕೊಂಡು ಕುಂಟುತ್ತಿದ್ದರು. ನಡುವೆ ಒಂದು ದಿನ ಕಾಡಪ್ಪ ಮಾತ್ರ, ರಾಯರ, ನಿನ್ನಿ ಬಲಗಾಲಾಗ ಇತ್ತಲ್ರಿ ನೋವು, ಇವತ್ತ ಎಡಗಾಲಿಗೆ ಬದಲಿ ಆಗೇತೇನ್ರಿ, ಅಂದಿದ್ದ. ನರದ ನೋವು ಓಡಾಡುತ್ತದೆ ಎಂದು ರಾಯರು ವಿಜ್ಞಾನ ಹೇಳಿದ್ದರು.

ಶನಿವಾರ ಸಂಜೆಯೇ ಪದ್ಮವ್ವ ಎರಡೂ ಬಣ್ಣವನ್ನು ಬಿಡಿಯಾಗಿ ನೋಡಿ, ಸರಿ ಇದೆ ಎಂದು ಪುಸ್ತಕದಲ್ಲಿ ಬರೆದು ಕಪಾಟು ಹಾಕಿದ್ದಳು. ಇನ್ನು ಸಮಿತಿಯ ಮುಂದೆಯೇ ಅವಳು ಶೀಶೆ ತೆಗೆಯುವುದು. ಹತ್ತೂವರೆಗೆ ಗಂಟೆ ಬಾರಿಸಿತು. ಬಯಲಿನಿಂದ ಹಾಡು ಎದ್ದದ್ದೇ ತಡ, ರಾಯರು ಕುಂಟುವುದನ್ನು ಬಿಟ್ಟು ನೆಟ್ಟಗೆ ನಡೆದರು. ಮೊಳೆಗೆ ತೂಗುಹಾಕಿದ್ದ ಕೀಲಿಕೈ ತೆಗೆದರು, ಕಪಾಟು ತೆರೆದರು. ಬೆರಳಚ್ಚು ಬೀಳಬಾರದೆಂದು ಕೈಗೆ ಕರವಸ್ತ್ರ ಸುತ್ತಿ ಎರಡನೆಯ ಶೀಶೆ ಎತ್ತಿದರು. ಒಂದೊಂದು ಕೆಲಸವೂ ಎಂದಿನ ರೂಢಿಯಂತೆ ಸಾಗಿತು. ಅಸಲಿ ಬಣ್ಣವನ್ನು ಎಲ್ಲಿ ಚೆಲ್ಲುವುದೆಂದು ಅವರು ಮೂರು ದಿನ ಯೋಚಿಸಿದ್ದರು. ಮೋರಿಗೆ ಬಿಟ್ಟರೆ ಮೋರಿಯೆಲ್ಲ ಕೆಂಪು, ಮಣ್ಣಿಗೆ ಬಿಟ್ಟರೆ ಮಣ್ಣು ಕೆಂಪು. ಹಿಂಬದಿಯಲ್ಲಿ ಒಂದು ಗೋಡೆ ಇತ್ತು. ಇಪ್ಪತ್ತು ವರ್ಷದಿಂದ ಸಿಬ್ಬಂದಿಯೆಲ್ಲ ಎಲೆ ಅಡಿಕೆ ಜಗಿದು ಉಗುಳಿದ ಗೋಡೆ. ಕೆಂಪಿನ ಮೇಲೆ ಕೆಂಪು ಬಿದ್ದರೆ ಯಾವುದು ಯಾವುದೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ. ಬಣ್ಣದ ಮೇಲೆ ಬಣ್ಣ ಮುಚ್ಚುವ ಪಾಠವನ್ನು ಪದ್ಮವ್ವನಿಂದಲೇ ಕಲಿತದ್ದಕ್ಕೆ ರಾಯರು ಮನಸ್ಸಿನಲ್ಲೇ ಗುರುದಕ್ಷಿಣೆ ಸಲ್ಲಿಸಿದರು. ಓಕುಳಿ ಶೀಶೆಗೆ ಇಳಿಯಿತು, ಶೀಶೆ ಕಪಾಟಿಗೆ ಹೋಯಿತು, ಕೀಲಿಕೈ ಮೊಳೆಗೆ ಏರಿತು. ಹಾಡಿನ ಕೊನೆಯ ಸಾಲು ಇನ್ನೂ ಬಾಕಿ ಇತ್ತು.

ಹಾಡು ಮುಗಿಯುತ್ತಲೇ ಪದ್ಮವ್ವ ಅವಸರದಿಂದ ಒಳಬಂದಳು, ಬಾಗಿಲಲ್ಲಿ ಅವಳ ತೋಳು ರಾಯರ ಭುಜಕ್ಕೆ ತಾಗಿತು. ರಾಯರು ಕಿಟಕಿಯ ತನಕ ಹೋಗಿ ಬಂದು ಸ್ಟೂಲಿನ ಮೇಲೆ ಕೂತರು. ಅವಳ ಮುಖ ಒಣಗಿದ್ದನ್ನು ನೋಡಿ ಅವರಿಗೆ ಪಾಪ ಅನ್ನಿಸಿತು. ಪಾಪ ಅನ್ನುವಷ್ಟು ಉದಾರಿಯಾಗುವುದು ಗೆಲ್ಲುವವರಿಗೆ ಸುಲಭ.

ಹನ್ನೊಂದಕ್ಕೆ ಸಮಿತಿ ಬಂತು. ಕೃಷ್ಣಾಜಿಯವರಿಗೆ ಕೂರಲು ಕೈ ಇದ್ದ ಕುರ್ಚಿಯೇ ಆಗಬೇಕೆಂದು ನಿಜಗುಣಪ್ಪನವರು ಕಣ್ಸನ್ನೆ ಮಾಡಿದರು. ರಾಯರು ಪದ್ಮವ್ವನ ಮೇಜಿನಿಂದ ಅದನ್ನು ತಾವೇ ಎತ್ತಿ ತಂದರು. ಬರುವ ತಿಂಗಳಿಂದ ತಮ್ಮದಾಗುವ ವಸ್ತು ಎಂಬ ಪ್ರೀತಿಯಿಂದ ತಂದರು. ಕಿಟಕಿಗಳಿಗೆ ಕಪ್ಪು ಪರದೆ ಬಿತ್ತು. ಎಲ್ಲರಿಗೂ ಹಳದಿ ಕನ್ನಡಕ ಹಂಚಲಾಯಿತು. ಪ್ರಿನ್ಸಿಪಾಲರು, ಸಮಿತಿ, ಕಾಡಪ್ಪ, ರಾಯರು, ಎಲ್ಲರೂ ಜಾತ್ರೆಗೆ ಬಂದ ಗೂಬೆಗಳಂತೆ ಕಾಣುತ್ತಿದ್ದ ಹೊತ್ತಿಗೆ ದೀಪ ಆರಿ, ನೀಲಿ ಬೆಳಕಿನ ಕೋಲೊಂದು ಮೇಜಿನ ಮೇಲೆ ಬಿತ್ತು.

ರಕ್ತ ಇಬ್ಬರದು. ನಿಜಗುಣಪ್ಪನವರದು ಮತ್ತು ಕಾಡಪ್ಪನದು. ಇಬ್ಬರದೂ ಒಂದೇ ಗುಂಪಿನ ರಕ್ತ ಎಂದು ಪದ್ಮವ್ವ ಹೋದ ವಾರವೇ ಪರೀಕ್ಷಿಸಿ ಹೇಳಿದಾಗ ಪ್ರಿನ್ಸಿಪಾಲರು, ಇರಲಿ ಬಿಡ್ರಿ, ಭಾಳ ಮಂದಿಗೆ ಹೇಳಬ್ಯಾಡ್ರಿ ಅಂದಿದ್ದರು. ಅವರ ಕಣಗಳಿಗೆ ಒಂದನೆಯ ಬಣ್ಣ, ಕಾಡಪ್ಪನವಕ್ಕೆ ಎರಡನೆಯದು. ಎರಡನ್ನೂ ಕೂಡಿಸಿ ನಳಿಗೆಗೆ ಬಿಟ್ಟರೆ ಹಸಿರಾಗಿ ಹಾಯುವವರು ಪ್ರಿನ್ಸಿಪಾಲರು, ಕೆಂಪಾಗಿ ಹಾಯುವವನು ಕಾಡಪ್ಪ. ಬೇಕಾದವರು ಕೂತು ಎಣಿಸಬಹುದು. ಪದ್ಮವ್ವ ಇಷ್ಟು ವಿವರಿಸಿ, ಬಣ್ಣ ಬೆರೆಸಿ, ಕೃಷ್ಣಾಜಿಯವರನ್ನು ಸೂಕ್ಷ್ಮದರ್ಶಕಕ್ಕೆ ಕರೆದಳು.

ಅವರು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

“ಎಲ್ಲಾ ಹಸರ ಅವಲ್ಲ,” ಅಂದರು. “ಇದರಾಗ ಪ್ರಿನ್ಸಿಪಾಲರು ಯಾರು, ಕಾಡಪ್ಪ ಯಾರು?”

ನಿಜಗುಣಪ್ಪನವರು ತಾವೇ ಬಗ್ಗಿ, ತಮ್ಮನ್ನು ತಾವು ಗುರುತಿಸಲಾಗದೆ ಬೆವತು ಹಿಂದೆ ಸರಿದರು. ಕಾಡಪ್ಪನೂ ಬಗ್ಗಿ ನೋಡಿ, ಆ ಎಡಕ್ಕ ಬಡಾ ಬಡಾ ಹೊಂಟಾಂವ ನಾನ ಇರಬೇಕ್ರಿ ಸಾಹೇಬ್ರ, ಅಂದ. ಯಾರೂ ನಗಲಿಲ್ಲ. ಸಮಿತಿಯ ಇನ್ನಿಬ್ಬರು ಕಾಗದದ ಮೇಲೆ ಏನೋ ಗೀಚಿದರು. ಕೃಷ್ಣಾಜಿಯವರು ಕುರ್ಚಿಗೆ ಮರಳಿ ಮೊಣಕೈ ಊರಿ ನಿಟ್ಟುಸಿರು ಬಿಟ್ಟರು. ಕತ್ತಲೆಯಲ್ಲಿ ರಾಯರು ತಮ್ಮ ಎರಡೂ ಮೊಣಕೈಯನ್ನು ಗಾಳಿಯಲ್ಲಿ ಊರಿ ರೂಢಿ ಮಾಡಿಕೊಳ್ಳುತ್ತಿದ್ದರು.

ಪದ್ಮವ್ವ ಅಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. ಎರಡೂ ಶೀಶೆಗಳನ್ನು ಮುಂದಕ್ಕೆ ಎಳೆದುಕೊಂಡಳು. ಆಮೇಲೆ, ತಪ್ಪಿದಾಗ ಬಿಡಿಬಿಡಿಯಾಗಿ ನೋಡಬೇಕು, ಐದು ನಿಮಿಷ ಕೊಡ್ರಿ ಸರ್, ಅಂದಳು. ಅದನ್ನೂ ರಾಯರು ಮೊದಲೇ ಲೆಕ್ಕ ಹಾಕಿದ್ದರಲ್ಲ. ನೋಡಲಿ ಎಂದು ನಿರಾಳವಾಗಿ ಕಾಲು ನೀಡಿದರು. ಅವಳು ಒಂದನೆಯ ಶೀಶೆಯನ್ನು ನೀಲಿ ಬೆಳಕಿಗೆ ಹಿಡಿದು ಕೆಳಗಿಟ್ಟಳು. ಎರಡನೆಯದನ್ನು ಎತ್ತಿದಳು.

ಶೀಶೆಯೊಳಗಿನ ನೀರಿನ ಕಡೆ ಯಾರ ಕಣ್ಣೂ ಹೋಗಲಿಲ್ಲ. ಹೊರಗಿನ ಚೀಟಿಯ ಮೇಲೆ ಅವಳು ಬರೆದ ‘ಎರಡು’ ಅಕ್ಷರ ಕದಡಿದ್ದಲ್ಲಿ ಮೂರು ಹನಿ ಅಚ್ಚ ಹಸಿರಾಗಿ ಹೊಳೆಯುತ್ತಿದ್ದವು. ಪದ್ಮವ್ವ ದೀಪದ ಕೋಲನ್ನು ಮೆಲ್ಲಗೆ ತಿರುಗಿಸಿದಳು. ಕಪಾಟಿನ ಹಿಡಿಕೆಯ ಮೇಲೆ ಮೂರು ಹನಿ. ಮೊಳೆಯ ಕೆಳಗೆ ತೂಗುತ್ತಿದ್ದ ಕೀಲಿಕೈಗೆ ಕಟ್ಟಿದ ಸಣ್ಣ ಹಲಗೆಯ ಮೇಲೆ ಮೂರು. ಕೃಷ್ಣಾಜಿಯವರ ಮೊಣಕೈಯ ಪಕ್ಕ, ಕುರ್ಚಿಯ ಕೈಯ ಮೇಲೆ ಮೂರು, ಅವರು ಬೆಂಕಿ ತಗುಲಿದವರಂತೆ ಕೈ ತೆಗೆದರು. ಅರಿಷಿಣ ಉಳಿದಿದ್ದ ಗಿಂಡಿಯೊಳಗೆ ಕುಂಚ ಆಡಿಸಲು ಕೈ ಚಾಚಿದ್ದ ಯಮುನಾಬಾಯಿಯ ಮುಖ ರಾಯರ ಕಣ್ಣ ಮುಂದೆ ಹಾದುಹೋಯಿತು. ಬೆರಳಚ್ಚು ಬೀಳದಂತೆ ಕರವಸ್ತ್ರ ಸುತ್ತಿದ್ದ ಕೈ, ಎತ್ತುವ ಮೊದಲು ಪ್ರತಿಯೊಂದರ ಮೇಲೂ ತನ್ನ ಜಾತಿಯ ಅಚ್ಚು ಒತ್ತಿ ಬಂದಿತ್ತು, ಮತ್ತು ಇಡೀ ಕಾಲೇಜಿನಲ್ಲಿ ನೀರು ಚಿಮುಕಿಸಿ ವಸ್ತು ಮುಟ್ಟುವ ಮನುಷ್ಯ ಒಬ್ಬನೇ ಇದ್ದ. ಅಷ್ಟರಲ್ಲಿ ನೀಲಿ ಬೆಳಕು ಅವರ ಮುಖಕ್ಕೇ ಬಂದು ನಿಂತಿತು. ಹಳದಿ ಕನ್ನಡಕಗಳೆಲ್ಲ ಅವರ ಕಣ್ಣನ್ನು ನೋಡದೆ ಗೇಣು ಮೇಲೆ, ಬೋಳು ನೆತ್ತಿಯನ್ನೇ ಯಾಕೆ ನೋಡುತ್ತಿವೆ ಎಂದು ಅವರಿಗೆ ತಿಳಿಯಲಿಲ್ಲ. ಪದ್ಮವ್ವನ ತೋಳು ತಾಗಿದ ಮೇಲೆ ಕಿಟಕಿಯ ತನಕ ಹೋಗಿ ಬಂದದ್ದು ಅವರ ಕಾಲಿಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ. ಕಾಡಪ್ಪ ಹತ್ತಿರ ಬಂದು, ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು ಆ ನೆತ್ತಿಯನ್ನು ಸಾವಕಾಶ ನೋಡಿದ. “ರಾಯರ,” ಅಂದ, “ಧೂಳು ಈಗ ಬರೋಬ್ಬರಿ ಕುಂತೈತಿ ನೋಡ್ರಿ.”